ಊರೊಟ್ಟಿನ ಬಯಲಿಗೆ ನಾಡಗಿಡಗಳ ಬೇಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮುಂಗಾರು ಸಮೀಪಿಸುತ್ತಿರುವಂತೆ ಬಡಾವಣೆಯ ಉದ್ಯಾನ, ಗುಂಡುತೋಪು, ಶಾಲೆಯ ಆವರಣ ಇಂಥ ಕಡೆಗಳಲ್ಲಿ ಗಿಡಗಳಿಂದಲೇ ಬೇಲಿ ಬೆಳೆಸುವ ಬಗೆಯನ್ನು ಕೇಳಿ ಹಲವರು ಪತ್ರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಬಡಾವಣೆಯ ಉದ್ಯಾನದ ಒಂದು ಬದಿಯಲ್ಲಿ ಸುಮಾರು ನೂರು ಅಡಿ ಉದ್ದದ ಮುಳ್ಳುತಂತಿ ಬೇಲಿ ತುಕ್ಕು ಹಿಡಿದು ಬಿದ್ದಿದೆ. ಅಲ್ಲಿ ಗಿಡಗಳ ಬೇಲಿ ಬೆಳೆಸಲು ನಿವಾಸಿಗಳೆಲ್ಲ ಒಪ್ಪಿದ್ದೇವೆ. ನರ್ಸರಿಯವರು ಹೊಂಬಣ್ಣದ ಡುರಾಂಟವನ್ನೇ ನೆಡಿರಿ ಎನ್ನುತ್ತಾರೆ. ನಮ್ಮ ನಾಡಿನ ಗಿಡಗಳಲ್ಲಿ ಬೇಲಿಗೆ ಒಗ್ಗುವಂಥವು ಯಾವುವು? (ನಿವಾಸಿಗಳ ಸಂಘದ ಪರವಾಗಿ, ಮೈಸೂರು)

ಉತ್ತರ: ಡುರಾಂಟ ಅಮೆರಿಕ ಖಂಡದ ಉಷ್ಣವಲಯದ ಗಿಡ. ಬೇಗ ಚಿಗುರುತ್ತದೆ, ಹೇಗೆ ಕತ್ತರಿಸಿದರೂ ತಡೆದುಕೊಳ್ಳುತ್ತದೆ ಎಂಬ ಕಾರಣಕ್ಕೆ ಅದು ಎಲ್ಲ ಉದ್ಯಾನಗಳಲ್ಲೂ ಕಾಣಿಸುತ್ತದೆ. ಆದರೆ ಸದಾ ಕತ್ತರಿ ಆಡುವ ಡುರಾಂಟದಲ್ಲಿ ಹೂವು ಕಾಣುವುದು ಅಪರೂಪ. ಕತ್ತರಿಸದೆ ಬಿಟ್ಟರೆ ಬರುವ ಕಿತ್ತಳೆ ಬಣ್ಣದ ಹಣ್ಣು ಮಕ್ಕಳ ಹೊಟ್ಟೆಗೆ ಹೋದರೆ ವಿಷ. ಬೇಸಿಗೆಯಲ್ಲಿ ನೀರನ್ನೂ ಬೇಡುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿದ್ದನ್ನು ನೆನೆದರೆ, ಬೇರೂರಿದ ಮೇಲೆ ಮಳೆಯನ್ನೇ ನಂಬಿ ಬದುಕುವ ಬೇಲಿ ಎಷ್ಟು ಅವಶ್ಯವೆಂಬುದು ತಿಳಿಯುತ್ತದೆ.

ಮೈಸೂರಿನ ಕೆಂಪು ಮಣ್ಣಿಗೆ ನಾವು ಮೊದಲು ಹೇಳುವ ಹೆಸರು ಲಕ್ಕಿ. ಕಡ್ಡಿಯಿಂದಲೇ ಬೇರು ಬಿಡುತ್ತದೆ, ದನ ಕುರಿಗಳು ಬಾಯಿ ಹಾಕುವುದಿಲ್ಲ, ನೀಲಿ ಹೂಗೊಂಚಲಿಗೆ ಜೇನು ಮುತ್ತುತ್ತದೆ, ಬಾಣಂತಿಯ ಸ್ನಾನದ ನೀರಿಗೂ ಧಾನ್ಯದ ಕಣಜಕ್ಕೂ ಅದರ ಸೊಪ್ಪು ಬೇಕಾಗುತ್ತದೆ. ಅದರ ಜೊತೆಗೆ ಆಡುಸೋಗೆ: ಇದೂ ಕಡ್ಡಿಯಿಂದ ಬೆಳೆಯುತ್ತದೆ, ಇದರ ಬಿಳಿ ಹೂವುಗಳಿಗೆ ದೊಡ್ಡ ಕಪ್ಪು ದುಂಬಿಗಳು ಬರುತ್ತವೆ. ಒಣ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಬಂದರಿಕೆ ಮತ್ತು ಹಳದಿ ಹೂವಿನ ತಂಗಡಿ ಬರವನ್ನು ತಡೆಯುವುದರಲ್ಲಿ ಎತ್ತಿದ ಕೈ. ತಂಗಡಿಯ ಎಲೆಯ ಮೇಲೆ ತಿಳಿಹಳದಿ ಬಣ್ಣದ ವಲಸೆ ಚಿಟ್ಟೆಗಳು ಮೊಟ್ಟೆ ಇಡುತ್ತವೆ. ಮುಳ್ಳಿನ ಬೇಲಿ ಬೇಕಾದರೆ ಕವಳಿ ಮತ್ತು ಕಾರೆ. ಕವಳಿಯ ಕವಲೊಡೆದ ಮುಳ್ಳನ್ನು ದಾಟಿ ಯಾರೂ ಒಳಗೆ ಬರುವುದಿಲ್ಲ. ಅದರ ಕಾಯಿ ಉಪ್ಪಿನಕಾಯಿಗೆ, ಹಣ್ಣು ಮಕ್ಕಳಿಗೂ ಪಿಕಳಾರಗಳಿಗೂ ಪ್ರಿಯ. ಉದ್ಯಾನದ ಒಳಮುಖಕ್ಕೆ ಮುಳ್ಳಿಲ್ಲದ ಕರಿಬೇವು ಮತ್ತು ಕಾಡುಕರಿಬೇವನ್ನು ಸೂಚಿಸುತ್ತೇವೆ. ಕರಿಬೇವನ್ನು ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ: ಅಡುಗೆಗೆಂದು ನಾಲ್ಕು ಎಲೆ ಕಿತ್ತುಕೊಳ್ಳಲು ಬರುವ ಮನೆಯವರು ಆ ಬೇಲಿಯನ್ನು ತಮ್ಮದೆಂದು ಕಾಯುತ್ತಾರೆ.

ಇವೆಲ್ಲವನ್ನೂ ಒಂದೊಂದಾಗಿ ಬೆರೆಸಿ ನೆಡುವುದು ಸರಿಯಲ್ಲ. ಲಕ್ಕಿ ಒಂದೇ ವರ್ಷದಲ್ಲಿ ಆಳೆತ್ತರ ಹೋಗುತ್ತದೆ, ಕವಳಿ ನಿಧಾನವಾಗಿ ಬೆಳೆಯುತ್ತದೆ. ಪಕ್ಕಪಕ್ಕದಲ್ಲಿ ಒಂಟಿಯಾಗಿ ನೆಟ್ಟರೆ ಕವಳಿ ನೆರಳಿನಲ್ಲಿ ಸೊರಗುತ್ತದೆ. ಆದ್ದರಿಂದ ಒಂದೇ ಜಾತಿಯ ನಾಲ್ಕೈದು ಸಸಿಗಳನ್ನು ಒಟ್ಟಿಗೆ ನೆಟ್ಟು, ಆಮೇಲೆ ಇನ್ನೊಂದು ಜಾತಿಗೆ ಹೋಗಬೇಕು. ಮುಳ್ಳಿನ ಗಿಡಗಳು ರಸ್ತೆಯ ಕಡೆಗಿರಲಿ, ಮಕ್ಕಳು ಆಡುವ ಕಡೆಗೆ ಬೇಡ. ಕಣಗಿಲೆ, ಕಾಡುಹರಳು ಮತ್ತು ಹಾಲು ಸುರಿಯುವ ಕಳ್ಳಿಗಳು ಬೇಲಿಗೆ ಸುಲಭವಾದರೂ ಮಕ್ಕಳ ಉದ್ಯಾನಕ್ಕೆ ತರಲೇಬಾರದು. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ನರ್ಸರಿಗಳಲ್ಲಿ ಮರಗಳ ಸಸಿ ಸಿಕ್ಕಷ್ಟು ಸುಲಭವಾಗಿ ಈ ಪೊದೆಗಿಡಗಳು ಸಿಗುವುದಿಲ್ಲ. ಲಕ್ಕಿ ಮತ್ತು ಆಡುಸೋಗೆಯ ಕಡ್ಡಿಯನ್ನು ಹಳ್ಳಿಯ ಯಾವುದೇ ಬದುವಿನಿಂದ ಕೇಳಿ ತರಬಹುದು. ತಂಗಡಿ ಮತ್ತು ಬಂದರಿಕೆಯ ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ ಬಿಸಿನೀರು ಸುರಿದು, ಒಂದು ರಾತ್ರಿ ನೆನೆಯಲು ಬಿಟ್ಟು, ಮರುದಿನ ಬಿತ್ತಬೇಕು. ಕವಳಿಯ ಬೀಜವನ್ನು ಮಾತ್ರ ಕೂಡಿಡಬಾರದು, ಹಣ್ಣಿನಿಂದ ಬಿಡಿಸಿದ ಕೆಲವೇ ದಿನಗಳಲ್ಲಿ ಚೀಲಕ್ಕೆ ಹಾಕಬೇಕು. ಈ ಬೇಸಿಗೆಯಲ್ಲಿ ಬಿತ್ತಿದ ಕವಳಿ ನೆಡಲು ಸಿದ್ಧವಾಗುವುದು ಬರುವ ವರ್ಷದ ಮಳೆಗೆ. ಅಲ್ಲಿಯವರೆಗೆ ಅದರ ಜಾಗವನ್ನು ಖಾಲಿ ಬಿಟ್ಟು ಉಳಿದವನ್ನು ನೆಟ್ಟರೆ ತಪ್ಪಿಲ್ಲ.

ಪ್ರಶ್ನೆ: ನಮ್ಮೂರ ಗುಂಡುತೋಪಿನ ಅಂಚು ವರ್ಷ ವರ್ಷಕ್ಕೂ ಒಳಗೆ ಸರಿಯುತ್ತಿದೆ. ಊರಿನವರೆಲ್ಲ ಸೇರಿ ಬೇಲಿ ಬೆಳೆಸಬೇಕೆಂದಿದ್ದೇವೆ. ಯಾವಾಗ, ಎಷ್ಟು ದೂರಕ್ಕೆ, ಹೇಗೆ ನೆಡಬೇಕು? ಊರಿನಲ್ಲಿ ಮೇಕೆಗಳೂ ಬಹಳ. (ಓದುಗರೊಬ್ಬರು, ತುಮಕೂರು ಜಿಲ್ಲೆ)

ಉತ್ತರ: ಗುದ್ದಲಿ ಹಿಡಿಯುವ ಮುನ್ನ ಹದ್ದುಬಸ್ತು ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಿಕೊಂಡು, ಭೂಮಾಪಕರಿಂದ ಗಡಿ ಗುರುತು ಹಾಕಿಸಿ, ಅಕ್ಕಪಕ್ಕದ ಜಮೀನಿನವರ ಎದುರಿನಲ್ಲೇ ಕಲ್ಲು ನೆಡಿಸಿದ ಮೇಲೆ ಅದರಿಂದ ಮೂರು ಅಡಿ ಒಳಗೆ ಬೇಲಿಯ ಸಾಲು ಹಿಡಿಯುವುದು ಕ್ಷೇಮ. ಗಡಿಯ ಮೇಲೆಯೇ ನೆಟ್ಟರೆ ಹೊರಗಿನ ಅರ್ಧ ಬೇಲಿ ಪಕ್ಕದ ಹೊಲದ ನೆರಳಾಗುತ್ತದೆ, ಅದರಿಂದಲೇ ಜಗಳ ಶುರುವಾಗುತ್ತದೆ. ನಗರದ ಓದುಗರಿಗೂ ಇದೇ ಮಾತು: ಉದ್ಯಾನಗಳು 1985ರ ಕರ್ನಾಟಕದ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ನಗರಸಭೆ ಅಥವಾ ಪಾಲಿಕೆಯ ಲಿಖಿತ ಒಪ್ಪಿಗೆಯಿಲ್ಲದೆ ಕೆಲಸ ಆರಂಭಿಸಬಾರದು.

ಕಾಲದ ವಿಷಯಕ್ಕೆ ಬಂದರೆ, ಮೃಗಶಿರದ ಮಳೆಗೆ ನೆಟ್ಟುಬಿಡುವ ಆತುರ ಎಲ್ಲರಿಗೂ ಇರುತ್ತದೆ. ಆದರೆ ತುಮಕೂರು, ಕೋಲಾರ, ಚಿತ್ರದುರ್ಗದ ಕಡೆ ಜೂನ್ ಮಳೆಯ ಬೆನ್ನಿಗೆ ಜುಲೈ ತಿಂಗಳು ಗಾಳಿಯಲ್ಲೇ ಕಳೆದುಹೋಗುವುದುಂಟು. ಹೆಚ್ಚಿನ ಮಳೆ ಬೀಳುವುದು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಆದ್ದರಿಂದ ಮುಂಗಾರಿನ ಮೊದಲ ಹದಮಳೆಗೆ ಕಾಲುವೆ ತೆಗೆದು ಗೊಬ್ಬರ ತುಂಬಿ ಬಿಡಿ. ನೀರು ಕೊಡಲು ಅನುಕೂಲವಿದ್ದರೆ ಆಗಲೇ ನೆಡಿ, ಇಲ್ಲದಿದ್ದರೆ ಮಖೆ, ಹುಬ್ಬೆ ಮಳೆಗಳವರೆಗೆ ಕಾಯಿರಿ. ಬೀಜವನ್ನು ನೇರವಾಗಿ ಬಿತ್ತುವುದಾದರೂ ಇದೇ ಕಾಲ.

ಕಾಲುವೆ ಒಂದೂವರೆ ಅಡಿ ಆಳ, ಎರಡೂವರೆ ಅಡಿ ಅಗಲವಿರಲಿ. ತೆಗೆಯುವಾಗ ಮೇಲ್ಮಣ್ಣನ್ನು ಒಂದು ಬದಿಗೆ, ಕೆಳಗಿನ ಮಣ್ಣನ್ನು ಇನ್ನೊಂದು ಬದಿಗೆ ಹಾಕಿ, ತುಂಬುವಾಗ ಮೇಲ್ಮಣ್ಣನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ ಬೇರಿನ ಮಟ್ಟಕ್ಕೆ ಬರುವಂತೆ ಹಾಕಬೇಕು. ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತದೆ. ಗೆದ್ದಲಿನ ಕಾಟ ಮೊದಲಿನಿಂದಲೂ ಇರುವ ಜಾಗದಲ್ಲಿ ಬೇವಿನ ಹಿಂಡಿಯನ್ನೂ ಬೆರೆಸಿ. ಸಸಿಗಳನ್ನು ಎರಡು ಸಾಲಿನಲ್ಲಿ ನೆಡಬೇಕು. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಸಾಲಿನೊಳಗೆ ಗಿಡದಿಂದ ಗಿಡಕ್ಕೂ ಒಂದೂವರೆ ಅಡಿ ಇಟ್ಟು, ಮೊದಲ ಸಾಲಿನ ಎರಡು ಗಿಡಗಳ ನಡುವಿನ ಸಂದಿಗೆ ಎದುರಾಗಿ ಎರಡನೆಯ ಸಾಲಿನ ಗಿಡ ಬರಬೇಕು. ಹೀಗೆ ನೂರು ಅಡಿಗೆ ಒಂದು ಸಾಲಿಗೆ 67, ಇನ್ನೊಂದಕ್ಕೆ 66, ಒಟ್ಟು 133 ಗಿಡಗಳು ಬೇಕು. ಕೆಲವು ಸಾಯುವುದು ನಿಶ್ಚಿತವಾದ್ದರಿಂದ ಇಪ್ಪತ್ತೈದನ್ನು ಹೆಚ್ಚಾಗಿ ಬೆಳೆಸಿಟ್ಟುಕೊಳ್ಳಿ. ಕಡ್ಡಿಗಳನ್ನು ಹೆಬ್ಬೆರಳ ದಪ್ಪದ ಬಲಿತ ಕೊಂಬೆಯಿಂದ ಒಂದೂವರೆ ಅಡಿ ಉದ್ದಕ್ಕೆ ಕತ್ತರಿಸಿ, ಬುಡವನ್ನು ಓರೆಯಾಗಿ ಕೊಯ್ದು, ಮೂರರಲ್ಲಿ ಒಂದು ಪಾಲು ಮಣ್ಣಿನೊಳಗಿರುವಂತೆ ಊರಿ ಸುತ್ತಲಿನ ಮಣ್ಣನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಬೇಕು. ಕಡ್ಡಿಯನ್ನು ತಲೆಕೆಳಗಾಗಿ ಊರಿದರೆ ಬೇರು ಬರುವುದಿಲ್ಲ. ಒಂದೇ ದಿನ ಅನೇಕರು ಸೇರಿ ನೆಡುವಾಗ ಇದನ್ನು ಎಲ್ಲರಿಗೂ ತೋರಿಸಿಕೊಡಲೇಬೇಕು.

ಮೇಕೆಗಳಿಗಾಗಿ ಸಾಲುಗಳ ಕ್ರಮವನ್ನು ಸ್ವಲ್ಪ ಬದಲಾಯಿಸಿಕೊಳ್ಳಿ. ಮೇಕೆ ಸುಲಭವಾಗಿ ಮುಟ್ಟದ ಆಡುಸೋಗೆ, ಲಕ್ಕಿ, ತಂಗಡಿ, ಬಂದರಿಕೆ ಹೊರಗಿನ ಸಾಲಿಗೆ. ಅದು ಆಸೆಪಟ್ಟು ಮೇಯುವ ಬೋರೆಯಂಥ ಹಣ್ಣಿನ ಗಿಡಗಳು ಒಳಗಿನ ಸಾಲಿಗೆ. ಮೊದಲ ವರ್ಷ ಎಳೆಯ ಚಿಗುರನ್ನು ತುಳಿತದಿಂದ ಕಾಪಾಡಲು ಒಣ ಮುಳ್ಳಿನ ಕಂಟಿಯನ್ನು ಹೊರಗಡೆ ಒತ್ತಾಗಿ ಹಾಕುವುದು ಅನಿವಾರ್ಯ. ಮೇಕೆ ಸಾಕುವ ಮನೆಯವರನ್ನು ಮೊದಲ ಸಭೆಗೇ ಕರೆಯಿರಿ. ಅವರು ಹಾದುಹೋಗಲು ಎಲ್ಲಿ ದಾರಿ ಬೇಕೆಂಬುದನ್ನು ಕೇಳಿ ಅಲ್ಲಿ ಬಾಗಿಲು ಬಿಡದಿದ್ದರೆ ಯಾವ ಬೇಲಿಯೂ ನಿಲ್ಲುವುದಿಲ್ಲ.

ಪ್ರಶ್ನೆ: ಕರಾವಳಿಯ ಜಡಿಮಳೆಗೂ ಇದೇ ಕ್ರಮ ಸರಿಯೇ? (ಶಿಕ್ಷಕಿಯೊಬ್ಬರು, ಉಡುಪಿ ಜಿಲ್ಲೆ)

ಉತ್ತರ: ಸರಿಯಲ್ಲ. ಅಲ್ಲಿ ಕಾಲುವೆ ತೆಗೆದರೆ ನೀರು ನಿಂತು ಬೇರು ಕೊಳೆಯುತ್ತದೆ. ಮಣ್ಣನ್ನು ಒಂದಡಿ ಎತ್ತರದ ಏರಿಯಾಗಿ ಮಾಡಿ ಅದರ ಮೇಲೆ ನೆಡಬೇಕು. ಆಷಾಢದ ಅಬ್ಬರ ಇಳಿದ ಮೇಲೆ, ಆಗಸ್ಟ್‌ನ ಕೊನೆಗೆ ನೆಟ್ಟರೆ ಸಾಕು. ಕೇಪಳ, ಕರಂಡೆ (ಕವಳಿ), ನೆಕ್ಕಿ (ಲಕ್ಕಿ) ಮೂರೂ ನಿಮ್ಮ ಮುರಕಲ್ಲು ನೆಲದಲ್ಲಿ ಚೆನ್ನಾಗಿ ಬರುತ್ತವೆ. ಕೆಂಪು ಕೇಪಳಕ್ಕೆ ಸೂರಕ್ಕಿಗಳೂ ಚಿಟ್ಟೆಗಳೂ ಬರುವುದನ್ನು ಮಕ್ಕಳು ತರಗತಿಯ ಕಿಟಕಿಯಿಂದಲೇ ನೋಡಬಹುದು.

ಪ್ರಶ್ನೆ: ಎರಡು ವರ್ಷದ ಹಿಂದೆ ನೆಟ್ಟ ನಮ್ಮ ಬೇಲಿ ಎಂಟು ಅಡಿ ಎತ್ತರ ಬೆಳೆದಿದೆ, ಆದರೆ ಕೆಳಗೆ ಬರಿ ಕಾಂಡಗಳು, ನಾಯಿಗಳು ಸಲೀಸಾಗಿ ನುಗ್ಗುತ್ತವೆ. ಕತ್ತರಿಸಲು ಮನಸ್ಸು ಬರುತ್ತಿಲ್ಲ. ಈಗ ಏನು ಮಾಡಬೇಕು? (ಓದುಗರೊಬ್ಬರು, ಹಾಸನ)

ಉತ್ತರ: ಬಂದ ಪತ್ರಗಳಲ್ಲಿ ನಮ್ಮ ಮನಸ್ಸನ್ನು ಹೆಚ್ಚು ತಟ್ಟಿದ್ದು ಇದು, ಏಕೆಂದರೆ ಶ್ರದ್ಧೆಯಿಂದ ನೆಟ್ಟು ನೀರೆರೆದ ಅನೇಕ ಬೇಲಿಗಳು ಸೋಲುವುದು ಇದೇ ಕಾರಣಕ್ಕೆ. ಬೇಲಿಯ ಬಲವಿರುವುದು ಬುಡದಲ್ಲಿ, ಎತ್ತರದಲ್ಲಲ್ಲ. ಗಿಡದ ತುದಿಯ ಮೊಗ್ಗು ಇರುವವರೆಗೂ ಅದು ಕೆಳಗಿನ ಮೊಗ್ಗುಗಳನ್ನು ಚಿಗುರಲು ಬಿಡುವುದಿಲ್ಲ. ತುದಿಯನ್ನು ತೆಗೆದ ಕೂಡಲೇ ಅದರ ಕೆಳಗಿನ ಕಣ್ಣುಗಳು ಒಡೆದು ಪಕ್ಕದ ಕೊಂಬೆಗಳಾಗುತ್ತವೆ. ಆದ್ದರಿಂದ ನೆಟ್ಟ ಸಸಿ ಎರಡು ಅಡಿ ಮುಟ್ಟಿದಾಗಲೇ ಅದನ್ನು ಒಂದಡಿಗೆ ಇಳಿಸಬೇಕು. ಅಲ್ಲಿಂದ ಬಂದ ಕೊಂಬೆಗಳು ಮತ್ತೆ ಒಂದಡಿ ಬೆಳೆದಾಗ ಅವುಗಳ ಅರ್ಧವನ್ನು ತೆಗೆಯಬೇಕು. ಹೀಗೆ ಮೂರು ನಾಲ್ಕು ಸಲ ಕತ್ತರಿಸಿಕೊಂಡು ಬಂದ ಬೇಲಿ ಮೂರನೆಯ ವರ್ಷ ನಾಲ್ಕೈದು ಅಡಿ ಎತ್ತರಕ್ಕೆ ಬಂದಾಗ ಅದರ ಬುಡದಲ್ಲಿ ಮೊಲ ನುಗ್ಗಲೂ ಸಂದಿಯಿರುವುದಿಲ್ಲ.

ನಿಮ್ಮ ಬೇಲಿ ಕೈತಪ್ಪಿ ಹೋಗಿಲ್ಲ. ಲಕ್ಕಿ ಮತ್ತು ಆಡುಸೋಗೆಯನ್ನು ಒಂದೂವರೆ ಅಡಿಗೆ ನಿಶ್ಚಿಂತೆಯಿಂದ ಇಳಿಸಬಹುದು. ಹಳೆಯ ಬುಡದಿಂದ ಅವು ಧಾರಾಳವಾಗಿ ಚಿಗುರುತ್ತವೆ. ಬಂದರಿಕೆಯ ವಿಷಯದಲ್ಲಿ ಮಾತ್ರ ಎಲೆಯಿಲ್ಲದ ಹಳೆಯ ಕಾಂಡದವರೆಗೆ ಹೋಗದೆ ಹಸಿರು ಕೊಂಬೆ ಸ್ವಲ್ಪ ಉಳಿಯುವಂತೆ ವರ್ಷಕ್ಕೆ ಮೂರರಲ್ಲಿ ಒಂದು ಪಾಲಿನಂತೆ ಇಳಿಸಿರಿ. ಒಂದೆರಡು ಅಡಿಯ ಸಂದಿಗಳಿದ್ದರೆ ಪಕ್ಕದ ಗಿಡದ ಉದ್ದ ಕೊಂಬೆಯನ್ನು ನೆಲಕ್ಕೆ ಬಾಗಿಸಿ, ತಾಗುವ ಜಾಗದಲ್ಲಿ ತೊಗಟೆಯನ್ನು ತುಸು ಗೀರಿ, ಮಣ್ಣು ಮುಚ್ಚಿ ಮೇಲೊಂದು ಕಲ್ಲಿಟ್ಟರೆ ಮಳೆಗಾಲದಲ್ಲಿ ಅಲ್ಲೇ ಬೇರು ಬರುತ್ತದೆ. ಹೊಸ ಸಸಿ ನೆಡುವುದಕ್ಕಿಂತ ಇದು ಮೇಲು, ಏಕೆಂದರೆ ಬೆಳೆದ ಬೇರುಗಳ ನಡುವೆ ಎಳೆಯ ಸಸಿಗೆ ನೀರು ದಕ್ಕುವುದಿಲ್ಲ.

ಬೇಲಿಯ ಅಡ್ಡರೂಪ ಬುಡದಲ್ಲಿ ಅಗಲವಾಗಿ, ತಲೆಯ ಕಡೆಗೆ ಕಿರಿದಾಗುತ್ತ ಹೋಗಬೇಕು. ಮೇಲ್ಭಾಗ ಅಗಲವಾದರೆ ಕೆಳಗಿನ ಎಲೆಗಳಿಗೆ ಬಿಸಿಲು ಬೀಳದೆ ಅವು ಉದುರಿ, ಮತ್ತೆ ಬರಿ ಕಾಂಡವೇ ಉಳಿಯುತ್ತದೆ. ಭಾರಿ ಕತ್ತರಿಕೆಯನ್ನು ಮಳೆ ಮುಗಿದು ನೆಲದಲ್ಲಿ ಇನ್ನೂ ತೇವವಿರುವ ನವೆಂಬರ್, ಡಿಸೆಂಬರ್‌ನಲ್ಲಿ ಮುಗಿಸಿಕೊಳ್ಳಿ. ಫೆಬ್ರವರಿಯ ನಂತರ ಪಿಕಳಾರಗಳೂ, ಆಮೇಲೆ ಎಲೆ ಹೊಲಿದು ಗೂಡು ಕಟ್ಟುವ ಟುವ್ವಿ ಹಕ್ಕಿಗಳೂ ಬೇಲಿಯೊಳಗೆ ಸಂಸಾರ ಹೂಡುವುದರಿಂದ, ಮಳೆಗಾಲ ಕಳೆಯುವವರೆಗೆ ದಾರಿಗೆ ಅಡ್ಡ ಬರುವ ಕೊಂಬೆಗಳನ್ನು ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ಎಳೆಯ ಬೇಲಿಯ ತುದಿ ಚಿವುಟುವುದನ್ನು ಆಗಲೂ ಮಾಡಬಹುದು, ಗೂಡಿದೆಯೇ ಎಂದು ಕೊಂಬೆ ಸರಿಸಿ ನೋಡಿಕೊಂಡರೆ ಸಾಕು. ಯಂತ್ರದ ಗರಗಸಕ್ಕಿಂತ ಕೈಕತ್ತರಿ ಮತ್ತು ಹರಿತವಾದ ಕುಡುಗೋಲು ನಮಗೆ ಇಷ್ಟ. ಕೆಲಸ ನಿಧಾನವಾಗುತ್ತದೆ, ಆದರೆ ಕಣ್ಣು ಗಿಡದ ಮೇಲಿರುತ್ತದೆ.

ಪ್ರಶ್ನೆ: ನೆಟ್ಟ ಮೇಲೆ ನೋಡಿಕೊಳ್ಳುವವರು ಯಾರು ಎಂಬಲ್ಲಿಗೆ ನಮ್ಮ ಸಂಘದ ಪ್ರತಿ ಸಭೆಯೂ ನಿಲ್ಲುತ್ತದೆ. ಆರೈಕೆ ಎಷ್ಟು ಬೇಕಾಗುತ್ತದೆ? (ನಿವಾಸಿಯೊಬ್ಬರು, ಬೆಂಗಳೂರು)

ಉತ್ತರ: ಮೊದಲ ಬೇಸಿಗೆಯೇ ನಿರ್ಣಾಯಕ. ಜನವರಿಯಿಂದ ಮೇ ತಿಂಗಳವರೆಗೆ ವಾರಕ್ಕೊಮ್ಮೆ, ಮಣ್ಣು ಒಂದು ಗೇಣು ಆಳಕ್ಕೆ ತೊಯ್ಯುವಂತೆ ನೀರು ಕೊಡಬೇಕು. ದಿನವೂ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲ್ಪದರದಲ್ಲೇ ಹರಡಿಕೊಂಡು ಬಿಸಿಲಿಗೆ ಸಾಯುತ್ತದೆ. ಎರಡನೆಯ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಮೂರನೆಯದರಲ್ಲಿ ಗಿಡ ಬಾಡಿದಂತೆ ಕಂಡರೆ ಮಾತ್ರ. ಉದ್ಯಾನದಲ್ಲಿ ಗುಡಿಸಿ ಸುಡುವ ತರಗೆಲೆಯನ್ನು ಸುಡದೆ ನಾಲ್ಕು ಅಂಗುಲ ದಪ್ಪಕ್ಕೆ ಬುಡದ ಸುತ್ತ ಹರಡಿ, ಕಾಂಡಕ್ಕೆ ತಾಗದಂತೆ ಮೂರು ಅಂಗುಲ ಬಿಟ್ಟರೆ ಕಳೆಯೂ ಕಡಿಮೆ, ನೀರೂ ಕಡಿಮೆ. ಹುಲ್ಲನ್ನು ಮೊದಲೆರಡು ವರ್ಷ ಬುಡದಿಂದ ಒಂದೂವರೆ ಅಡಿ ದೂರವಿಡಿ.

ನೋಡಿಕೊಳ್ಳುವ ಹೊಣೆಯನ್ನು ಇಡೀ ಸಂಘಕ್ಕೆ ಒಪ್ಪಿಸಿದರೆ ಯಾರಿಗೂ ಒಪ್ಪಿಸಿದಂತಾಗುವುದಿಲ್ಲ. ನೂರು ಅಡಿಯ ಬೇಲಿಯನ್ನು ಹತ್ತು ಅಡಿಯಂತೆ ಹತ್ತು ಮನೆಗಳಿಗೆ ಹಂಚಿ, ಪ್ರತಿ ತುಂಡಿನ ಬಳಿ ಮನೆಯ ಸಂಖ್ಯೆಯ ಫಲಕ ನೆಡಿ. ಊರಿಗೆ ಹೋಗುವಾಗ ಪಕ್ಕದ ತುಂಡಿನವರಿಗೆ ತಿಳಿಸಿ ಹೋಗುವುದು ರೂಢಿಯಾಗಲಿ. ನಗರಸಭೆಯ ಅಥವಾ ಗುತ್ತಿಗೆಯ ಮಾಲಿಗೆ ಬೇಲಿಯನ್ನು ಯಾವಾಗ ಕತ್ತರಿಸಬೇಕು, ಯಾವಾಗ ಕೂಡದು ಎಂಬುದನ್ನು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಕೊಟ್ಟು, ಅವರೊಂದಿಗೆ ನಿಂತು ಒಮ್ಮೆ ಮಾಡಿ ತೋರಿಸುವುದೂ ಸಂಘದ ಕೆಲಸವೇ.

ಪ್ರಶ್ನೆ: ಬೇಲಿ ದಟ್ಟವಾದರೆ ಹಾವು, ಸೊಳ್ಳೆ ಬರುತ್ತವೆಂದು ಹಿರಿಯರು ಬೇಡವೆನ್ನುತ್ತಾರೆ. (ಓದುಗರೊಬ್ಬರು, ದಾವಣಗೆರೆ)

ಉತ್ತರ: ಸೊಳ್ಳೆ ಮರಿ ಮಾಡುವುದು ನಿಂತ ನೀರಿನಲ್ಲಿ, ಬೇಲಿಯೊಳಗೆ ಎಸೆದ ಲೋಟ, ತೆಂಗಿನ ಚಿಪ್ಪು, ಟೈರುಗಳನ್ನು ಆಯ್ದು ತೆಗೆದರೆ ಆ ಭಯವಿಲ್ಲ. ಹಾವಿನ ಬಗ್ಗೆ ಹಿರಿಯರ ಮಾತನ್ನು ತಳ್ಳಿಹಾಕಲಾಗದು. ಯಾವ ಪೊದೆಯಲ್ಲೂ ಹಾವು ಇರಬಹುದು. ಆದರೆ ಅದನ್ನು ಕರೆತರುವುದು ಇಲಿ, ಇಲಿಯನ್ನು ಕರೆತರುವುದು ನಾವು ಸುರಿಯುವ ಅನ್ನ ಮತ್ತು ಕಸ. ಬೇಲಿಯ ಪಕ್ಕ ಕಲ್ಲಿನ ರಾಶಿ, ಕಟ್ಟಡದ ಅವಶೇಷ ಇರಬಾರದು. ಆಟದ ಜಾಗಕ್ಕೂ ಬೇಲಿಗೂ ನಡುವೆ ಆರು ಅಡಿಯ ಹುಲ್ಲು ಕತ್ತರಿಸಿದ ಬಯಲು ಇರಲಿ, ಕೈ ಹಾಕುವ ಮುನ್ನ ಕೋಲಿನಿಂದ ತಟ್ಟುವುದನ್ನು ಎಲ್ಲರೂ ಕಲಿಯಲಿ, ಸಂಜೆ ಅಲ್ಲಿ ಓಡಾಡುವವರ ಕೈಯಲ್ಲಿ ಟಾರ್ಚ್ ಇರಲಿ.

ಪ್ರಶ್ನೆ: ನಮ್ಮ ಕೆರೆಯ ಪಕ್ಕದ ಬಯಲಿನಲ್ಲಿ ಈಗಾಗಲೇ ಲಂಟಾನದ ದಟ್ಟ ಬೇಲಿಯಿದೆ, ಅದರಲ್ಲಿ ಹಕ್ಕಿಗಳೂ ಇವೆ. ತೆಗೆಯಬೇಕೇ? ಅದರೊಳಗೆ ಎರಡು ಗಂಧದ ಸಸಿಗಳು ತಾವಾಗಿ ಬಂದಿರುವುದನ್ನೂ ಕಂಡೆವು. (ಯುವಕ ಸಂಘ, ಶಿವಮೊಗ್ಗ ಜಿಲ್ಲೆ)

ಉತ್ತರ: ಲಂಟಾನ ಈ ದೇಶಕ್ಕೆ ಬಂದದ್ದೇ 19ನೆಯ ಶತಮಾನದ ಆರಂಭದಲ್ಲಿ, ಅಂದದ ಗಿಡವಾಗಿ, ಬೇಲಿಯ ಗಿಡವಾಗಿ. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನ ತಳವನ್ನೆಲ್ಲ ಅದು ಆಕ್ರಮಿಸಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿಗಳನ್ನು ಮಾಡುವುದು ಅದಕ್ಕೆ ಸಿಕ್ಕಿರುವ ಒಂದು ಒಳ್ಳೆಯ ಬಳಕೆ. ನಿಮ್ಮ ಬೇಲಿಯನ್ನು ತೆಗೆಯಲೇಬೇಕು, ಆದರೆ ಒಂದೇ ಸಲಕ್ಕೆ ಬೇಡ. ಹಕ್ಕಿಗಳಿಗೆ ಬೇರೆ ಆಸರೆ ಆಗುವವರೆಗೆ ವರ್ಷಕ್ಕೆ ಮೂರನೆಯ ಒಂದು ಭಾಗವನ್ನು ತೆಗೆದು, ಅಲ್ಲಿ ಲಕ್ಕಿ, ಕವಳಿಗಳನ್ನು ನೆಟ್ಟು ಮುಂದುವರಿಯಿರಿ. ಮೇಲೆ ಸವರಿದರೆ ಅದು ಇನ್ನಷ್ಟು ಚಿಗುರುತ್ತದೆ. ನೆಲದಿಂದ ಒಂದೆರಡು ಅಂಗುಲ ಕೆಳಗೆ ಮುಖ್ಯ ಬೇರನ್ನು ಕತ್ತರಿಸಿ, ಬುಡ ಮೇಲಾಗಿ ಬರುವಂತೆ ಗಿಡವನ್ನು ಮಗುಚಿ ಹಾಕಿ ಒಣಗಿಸಬೇಕು. ಕಾಯಿ ಹಣ್ಣಾಗುವ ಮೊದಲೇ ಈ ಕೆಲಸವಾಗಲಿ, ಮುಂದಿನ ಎರಡು ಮೂರು ಮಳೆಗಾಲಗಳಲ್ಲಿ ಮೊಳೆತ ಸಸಿಗಳನ್ನು ಕೈಯಿಂದಲೇ ಕೀಳುತ್ತಿರಿ.

ಗಂಧದ ಸಸಿಗಳನ್ನು ಹಕ್ಕಿಗಳೇ ಬಿತ್ತಿವೆ. ಗಂಧ ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ಜೋಡಿಸಿಕೊಂಡು ನೀರು, ಸಾರಗಳಲ್ಲಿ ಪಾಲು ಪಡೆಯುವ ಮರವಾದ್ದರಿಂದ ಬೇಲಿಯ ಆಸರೆ ಅದಕ್ಕೆ ಅತ್ಯಗತ್ಯ. ಅದರ ಸುತ್ತ ನಾಲ್ಕು ಅಡಿಯ ಲಂಟಾನವನ್ನು ಕೊನೆಯ ಕಂತಿಗೆ ಉಳಿಸಿ, ಅಷ್ಟರಲ್ಲಿ ಪಕ್ಕದಲ್ಲೇ ಲಕ್ಕಿ ಅಥವಾ ಕರಿಬೇವನ್ನು ನೆಟ್ಟು ಬೇರೂರಲು ಬಿಡಿ. ಖಾಸಗಿ ಜಮೀನಿನ ಗಂಧಕ್ಕೆ ಜಮೀನಿನವರೇ ಒಡೆಯರೆಂದು ಕರ್ನಾಟಕ ಅರಣ್ಯ ಕಾಯ್ದೆಯ 2001ರ ತಿದ್ದುಪಡಿ ಹೇಳುತ್ತದೆ, ಆದರೆ ನಿಮ್ಮದು ಸಾರ್ವಜನಿಕ ಜಾಗ. ಆದ್ದರಿಂದ ಸಸಿಗಳಿರುವುದನ್ನು ಪಂಚಾಯಿತಿಗೂ ವಲಯ ಅರಣ್ಯಾಧಿಕಾರಿಗಳ ಕಚೇರಿಗೂ ಬರೆದು ತಿಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಬೇಲಿ ಕತ್ತರಿಸುವ ದಿನ ಗೊತ್ತಿಲ್ಲದವರ ಕುಡುಗೋಲು ಬೀಳದಂತೆ ಪ್ರತಿ ಸಸಿಯ ಪಕ್ಕ ಬಣ್ಣ ಬಳಿದ ಎತ್ತರದ ಗೂಟವೊಂದನ್ನು ನೆಡಿರಿ.